ಕುಲಗೋಡದ ಕೂಸುಗಳ ಉಸಿರು ಎಣಿಸಿದವಳು

ಸುರಯ್ಯಾ ಓಣಿಗೆ ಬಂದಳೆಂದರೆ ಮೊದಲು ಅವಳ ಮಾತು ಬರುತ್ತದೆ, ಅದರ ಹಿಂದೆ ಅವಳು ಬರುತ್ತಾಳೆ. ಕುಲಗೋಡದ ಆಶಾ ಕಾರ್ಯಕರ್ತೆ ಅವಳು. ಗುಲಾಬಿ ಸೀರೆ, ಹೆಗಲಿಗೊಂದು ಚೀಲ, ಕಾಲಲ್ಲಿ ಯಾವಾಗಲೂ ಅವಸರ. ತವರು ಹುಕ್ಕೇರಿ ಕಡೆಯ ಬೆಲ್ಲದ ಬಾಗೇವಾಡಿ. ಅಪ್ಪ ಬಂದಗಿಸಾಬ ಬಳೆಗಾರ. ಹೆಂಗಸರನ್ನು ಮಾತಿನಲ್ಲಿ ಮರೆಸಿ, ನೋವು ಗೊತ್ತಾಗುವುದರೊಳಗೆ ಡಜನ್ ಬಳೆ ಏರಿಸಿಬಿಡುತ್ತಿದ್ದ. ಆ ವಿದ್ಯೆಯನ್ನು ಮಗಳು ಹಾಗೇ ಎತ್ತಿಕೊಂಡು ಬಂದಿದ್ದಾಳೆ. ಲಸಿಕೆಯ ದಿನ ಕೂಸಿಗಿಂತ ಹೆಚ್ಚು ಅಳುವ ತಾಯಂದಿರನ್ನು ನಗಿಸುವುದು ಅವಳ ಪಾಲಿನ ಕೆಲಸ.

ಹನ್ನೊಂದು ವರ್ಷದ ಹಿಂದೆ ಮೂಡಲಗಿಯಲ್ಲಿ ಅವಳಿಗೆ ತರಬೇತಿಯಾಯಿತು. ಕಲಿಸಿದ್ದರಲ್ಲಿ ಅರ್ಧ ಮರೆತಳು, ಅದನ್ನು ಅವಳೇ ಒಪ್ಪಿಕೊಳ್ಳುತ್ತಾಳೆ. ಆದರೆ ಒಂದು ಪಾಠ ಮಾತ್ರ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು. ಕೂಸು ಕೆಮ್ಮುತ್ತಿದ್ದರೆ ಅದರ ಅಂಗಿ ಎತ್ತಿ, ಸುಮ್ಮನಿದ್ದಾಗ ಪೂರಾ ಒಂದು ನಿಮಿಷ ಉಸಿರು ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ ಅರವತ್ತು, ಅಲ್ಲಿಂದ ವರ್ಷ ತುಂಬುವವರೆಗೆ ಐವತ್ತು, ಐದು ವರ್ಷದವರೆಗೆ ನಲವತ್ತು. ಎಣಿಕೆ ಆ ಗೆರೆ ಮುಟ್ಟಿದರೆ ಸೋಂಕು ಎದೆಗೆ ಇಳಿದಿರಬಹುದು, ದವಾಖಾನೆಗೆ ನಡೆಯಿರಿ. ಪಕ್ಕೆಯ ಕೆಳಗೆ ಹಳ್ಳ ಬೀಳುತ್ತಿದ್ದರೆ ಬಸ್ಸಿಗೂ ಕಾಯಬೇಡಿ. ಎರಡು ಕಣ್ಣು, ಒಂದು ನಿಮಿಷ, ಇಷ್ಟರಲ್ಲಿ ನ್ಯುಮೋನಿಯಾ ಹಿಡಿಯಬಹುದು ಎಂದಾಗ ಸುರಯ್ಯಾಳಿಗೆ ತಾನು ಅರ್ಧ ಡಾಕ್ಟರ್ ಆದಷ್ಟೇ ಖುಷಿಯಾಯಿತು.

ಆ ಖುಷಿ ಊರಿನ ಮೊದಲ ಮನೆಯಲ್ಲೇ ಇಳಿದುಹೋಯಿತು. "ಕೂಸಿನ ಉಸರ ಎಣಸ್ತೇನಿ" ಎಂದದ್ದೇ ತಡ, ಆ ಮನೆಯ ಅಜ್ಜಿ ಕೂಸನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಊರಲ್ಲಿ ಒಂದು ನಂಬಿಕೆಯಿತ್ತು. ಮಲಗಿದ ಕೂಸಿನ ಉಸಿರು ಎಣಿಸಬಾರದು, ಎಣಿಸಿದಷ್ಟೂ ಆಯುಷ್ಯ ಕರಗುತ್ತದೆ. ಇದನ್ನು ಯಾರು ಶುರು ಮಾಡಿದರೋ ಗೊತ್ತಿಲ್ಲ. ನನ್ನ ಕೈಗೆ ಸಿಕ್ಕರೆ ಒಂದೆರಡು ಮಾತು ಕೇಳುವುದಿದೆ.

ಸುರಯ್ಯಾ ಬುದ್ಧಿ ಓಡಿಸಿದಳು. ಬಾಯಿ ಬಿಡದೆ ಎಣಿಸಬೇಕು, ಎಣಿಕೆಯೂ ತಪ್ಪಬಾರದು. ಬಾಯಿ ಬಿಡದೆ ಎಣಿಸುವಾಗ ಯಾರಾದರೂ "ಚಾ ಮಾಡ್ಲೇನವಾ?" ಎಂದರೆ ಸಾಕು, ಮೂವತ್ತೆರಡೋ ನಲವತ್ತೆರಡೋ ಎಲ್ಲ ಕಲಸಿಹೋಗುತ್ತಿತ್ತು. ಕೊನೆಗೆ ಅತ್ತೆ ರಸೂಲಬಿಯ ಹತ್ತಿರ ಹೋಗಿ, ನಮಾಜಿನ ನಂತರ ಅವಳು ಹಿಡಿಯುವ ನೂರು ಮಣಿಯ ತಸ್ಬಿ ಕೇಳಿದಳು. ರಸೂಲಬಿ ಕಾರಣ ಕೇಳಿ ಸ್ವಲ್ಪ ಹೊತ್ತು ಯೋಚಿಸಿ, ಕೂಸಿನ ಜೀವಕ್ಕಾಗಿ ಎಣಿಸುವುದೂ ಮೇಲಿನವನಿಗೆ ಸಲ್ಲುತ್ತದೆ ಎಂದು ಹೇಳಿ ಕೊಟ್ಟೇಬಿಟ್ಟಳು. ಸುರಯ್ಯಾ ನಲವತ್ತು, ಐವತ್ತು, ಅರವತ್ತನೆಯ ಮಣಿಗಳಿಗೆ ಬೇರೆ ಬೇರೆ ಬಣ್ಣದ ದಾರ ಕಟ್ಟಿದಳು. ಮೊಬೈಲಿನಲ್ಲಿ ಒಂದು ನಿಮಿಷಕ್ಕೆ ನಡುಗುವ ಹಾಗೆ ಇಟ್ಟು ಮಡಿಲಲ್ಲಿ ಹಾಕಿಕೊಂಡಳು. ಕಣ್ಣು ಕೂಸಿನ ಹೊಟ್ಟೆಯ ಮೇಲೆ, ಬೆರಳು ಮಣಿಯ ಮೇಲೆ. ಒಂದು ಉಸಿರಿಗೆ ಒಂದು ಮಣಿ.

ನೋಡಿದವರು ಕೂಸಿಗಾಗಿ ದುವಾ ಓದಿ ಬೇಡಿಕೊಳ್ಳುತ್ತಿದ್ದಾಳೆ ಎಂದುಕೊಂಡರು. ಸುರಯ್ಯಾ ಹೌದು ಎನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ನಕ್ಕುಬಿಟ್ಟಳು.

ಹತ್ತು ಕೆಮ್ಮಿನಲ್ಲಿ ಒಂಬತ್ತು ತಾವಾಗಿಯೇ ಹೋಗುವಂಥವು. ಎಣಿಕೆ ಗೆರೆಯೊಳಗಿದ್ದರೆ ಅವಳು ಎದೆಹಾಲು ಬಿಡಬೇಡಿ, ಬೆಚ್ಚಗಿಡಿ, ಹಾಲು ಕುಡಿಯದಿದ್ದರೆ ಕೂಡಲೇ ಕರೆಯಿರಿ ಎಂದು ಹೇಳಿ ಬರುತ್ತಿದ್ದಳು. ನಾಲ್ಕು ದಿನಕ್ಕೆ ಕೂಸು ಆಡುತ್ತಿತ್ತು. ಹೆಸರು ದುವಾಕ್ಕೆ ಬರುತ್ತಿತ್ತು. ಗೆರೆ ದಾಟಿದ್ದನ್ನು ದವಾಖಾನೆಗೆ ಕರೆದೊಯ್ದು ಔಷಧ ಕೊಡಿಸುತ್ತಿದ್ದಳು, ಅದೂ ಗುಣವಾಗುತ್ತಿತ್ತು. ಆ ಹೆಸರೂ ದುವಾಕ್ಕೇ! ಘೋಡಗೇರಿಯಿಂದ ಒಬ್ಬರು ಕೂಸನ್ನು ಕಟ್ಟಿಕೊಂಡು ಬಂದು "ಮಣಿ ಹಿಡಿಯೋ ಅಕ್ಕ ಎಲ್ಲಿರ್ತಾರ್ರಿ?" ಎಂದು ವಿಳಾಸ ಕೇಳುವ ಮಟ್ಟಿಗೆ ಹೋಯಿತು. ಗಂಡ ಮೈನೋದ್ದೀನ ಟಂಟಂ ರಿಕ್ಷಾ ಓಡಿಸುವವನು, ಮಾತಿನಲ್ಲಿ ಹೆಂಡತಿಗೆ ಸರಿಜೋಡಿ. "ಡಾಕ್ಟರ್ ಆಗಾಕ ಹ್ವಾದಾಕಿ ಪೀರಾ ಆಗಿ ಬಂದಿ. ಇನ್ನ ಮನೀ ಮ್ಯಾಲ ಹಸರ ಝಂಡಾ ಏರ್ಸೂದೊಂದ ಬಾಕಿ" ಎಂದು ಅವಳನ್ನು ಚುಡಾಯಿಸುತ್ತಿದ್ದ. ಅವಳಿಗೂ ನಗೆ ಬರುತ್ತಿತ್ತು. ಬಾಗಿಲುಗಳು ತೆರೆದಿವೆ, ಕೂಸುಗಳು ಗುಣವಾಗುತ್ತಿವೆ, ಇನ್ನೇನು ಬೇಕು? ಸುಳ್ಳನ್ನಂತೂ ತಾನು ಬಾಯಿಬಿಟ್ಟು ಹೇಳಿಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದಳು.

ಆ ಸಮಾಧಾನಕ್ಕೆ ಕಲ್ಲು ಬಿದ್ದದ್ದು ಈ ವರ್ಷದ ಎಳ್ಳಮಾವಾಸ್ಯೆಯ ದಿನ. ಊರಿಗೆ ಊರೇ ಸಜ್ಜೆ ಕಡುಬು, ಎಣ್ಣೆಗಾಯಿ ಬುತ್ತಿ ಕಟ್ಟಿಕೊಂಡು, ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಲು ಹೊಲಕ್ಕೆ ಹೋಗಿತ್ತು. ಕಾಶೆವ್ವ ಮಾತ್ರ ಸೊಸೆ, ಮೊಮ್ಮಗನ ಜೊತೆ ಮನೆಯಲ್ಲಿ ಉಳಿದಿದ್ದಳು. ಅವಳ ಮಗ ಗುರುಲಿಂಗಪ್ಪನಿಗೆ ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಹುಟ್ಟಿದ ಕೂಸು ಸಾಗರ. ಏಳು ತಿಂಗಳು. ಮೂರು ದಿನದಿಂದ ನೆಗಡಿ, ಕೆಮ್ಮು. ಗುರುಲಿಂಗಪ್ಪ ಬೀಗರನ್ನು ಕರೆದುಕೊಂಡು ಹೊಲಕ್ಕೆ ಹೋಗಿದ್ದ. ಸೊಸೆ ಶೋಭಾ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಅತ್ತೆಯ ಮುಖ, ಕೂಸಿನ ಮುಖ ನೋಡುತ್ತಾ ಕೂತಿದ್ದಳು.

"ಬಾರವಾ ಸುರಯ್ಯಾ, ನಿನ್ನ ಹಾದೀನ ನೋಡಾಕತ್ತಿದ್ದೆ" ಎಂದು ಕಾಶೆವ್ವ ಕರೆದಳು. "ಮೊದ್ಲ ನಿನ್ನ ಮಣಿ ಹಿಡಿ. ಆಮ್ಯಾಲ ಉಂಡ ಹೋಗು. ಕಡುಬು ಬಿಸಿ ಐತಿ."

ಸುರಯ್ಯಾ ಕೂಸಿನ ಕುಂಚಿಗೆ ಬಿಚ್ಚಿ, ಅಂಗಿ ಎತ್ತಿದಳು. ಮೈ ಕಾವೇರಿತ್ತು, ಮೂಗಿನ ಹೊಳ್ಳೆಗಳು ಅರಳುತ್ತಿದ್ದವು. ಪ್ರತಿ ಉಸಿರಿಗೂ ಪಕ್ಕೆಯ ಕೆಳಗೆ ಚರ್ಮ ಒಳಗೆ ಹೋಗಿ ಹಳ್ಳ ಬೀಳುತ್ತಿತ್ತು. ಮಣಿ ಸರಿಯತೊಡಗಿತು. ಐವತ್ತರ ದಾರ ದಾಟಿತು, ಅರವತ್ತರದೂ ದಾಟಿತು. ಮೊಬೈಲು ನಡುಗಿದಾಗ ಬೆರಳು ಅರವತ್ನಾಲ್ಕರ ಮೇಲಿತ್ತು.

"ಆಯಿ, ಕೂಸಿನ್ನ ಈಗಿಂದೀಗ ಗೋಕಾಕಕ್ಕ ಒಯ್ಯಬೇಕ್ರಿ."

"ಇವತ್ತ ಅಮಾಸಿ ಐತಿ" ಎಂದಳು ಕಾಶೆವ್ವ. ಸಿಟ್ಟಿನಿಂದಲ್ಲ, ಗೊತ್ತಿಲ್ಲದವಳಿಗೆ ತಿಳಿಹೇಳುವಂತೆ. "ಅಮಾಸಿ ದಿನ ಕೂಸಿನ್ನ ಸೀಮಿ ದಾಟಸಬಾರ್ದು. ನಾಳೆ ಮುಂಜಾನೆ ಹೋಗೂಣಂತ. ಈಗ ನೀ ದುವಾ ಓದೀಯಲ್ಲಾ, ಅದು ಇವತ್ತಿಂದೊಂದ ದಿನ ಕಾಯ್ತೈತಿ. ಪರಪ್ಪನ ಮೊಮ್ಮಗಳಿಗೆ ಓದಿದ್ದಿ, ಎರಡ ದಿನದಾಗ ಎದ್ದ ಆಡಾಕ ಹತ್ತಿತ್ತು. ನಿನ್ನ ಮ್ಯಾಲ ನನಗ ನಂಬಿಗಿ ಐತಿ."

ಸುರಯ್ಯಾ ಕೈಯಲ್ಲಿದ್ದ ಮಣಿಸರ ನೋಡಿಕೊಂಡಳು. ಪರಪ್ಪನ ಮೊಮ್ಮಗಳದು ಮೂವತ್ತೆಂಟು ಇತ್ತು, ಸುಮ್ಮನೆ ನೆಗಡಿ. ಅದನ್ನು ಈಗ ಯಾರಿಗೆ ಹೇಳುವುದು? ಹನ್ನೊಂದು ವರ್ಷ ತಾನು ನಕ್ಕು ಸುಮ್ಮನಾದದ್ದೇ ಇವತ್ತು ಈ ಕೂಸಿಗೆ ಅಡ್ಡ ಬಂದು ನಿಂತಿದೆ. ನಾಳೆ ಮುಂಜಾನೆಯವರೆಗೆ ಈ ಪಕ್ಕೆ ತಡೆಯುವುದಿಲ್ಲ. ನಿಜ ಹೇಳಿದರೆ ಈ ಮನೆಯಷ್ಟೇ ಅಲ್ಲ, ಊರಿನ ಎಲ್ಲ ಬಾಗಿಲೂ ಮುಚ್ಚಬಹುದು. ಅವಳಿಗೆ ಅಳು ಬಂದಿತು. ಅಳುತ್ತಾ ಕೂರುವ ಹೊತ್ತು ಅದಲ್ಲ ಎಂದು ತನ್ನನ್ನೇ ಗದರಿಸಿಕೊಂಡಳು.

"ಆಯಿ, ನಾ ದುವಾ ಓದಿಲ್ರಿ. ಉಸರ ಎಣಿಸೇನಿ."

ಕಾಶೆವ್ವ ಮುಂದೆ ಬಾಗಿದಳು. "ಏನಂದಿ?"

"ಒಂದ ಉಸರಿಗೆ ಒಂದ ಮಣಿ. ಇವತ್ತ ಅಷ್ಟ ಅಲ್ರಿ, ಹನ್ನೊಂದ ವರ್ಷದಿಂದ ಇದನ್ನ ಮಾಡೇನಿ. ನಿಮಗ ಹೇಳಲಿಲ್ಲ, ಅದು ನಂದ ತಪ್ಪು."

"ನನ್ನ ಮನ್ಯಾಗ ಕುಂತು, ನನ್ನ ಮೊಮ್ಮಗನ ಉಸರ ಎಣಿಸಿದ್ಯಾ?" ಕಾಶೆವ್ವಳ ದನಿ ಏರಿತು. "ಒಂಬತ್ತ ವರ್ಷ ಹರಕಿ ಹೊತ್ತ ಪಡದ ಕೂಸದು! ನಿನ್ನ ಮಗಳಂಗ ಕಂಡೆ, ನನಗ ಮೋಸ ಮಾಡಿದಿ?"

"ಬೈರಿ, ನಾಳೆ ಇನ್ನಷ್ಟ ಬೈರಿ" ಎಂದಳು ಸುರಯ್ಯಾ. ಈಗ ಅವಳ ದನಿಯೂ ಏರಿತ್ತು. "ಆದ್ರ ಇದಕ್ಕ ಉತ್ತರ ಹೇಳ್ರಿ. ಹನ್ನೊಂದ ವರ್ಷದಾಗ ಈ ಊರಾಗ ಕೆಮ್ಮಿದ ಕೂಸುಗಳ ಉಸರ ಎಲ್ಲಾ ನಾ ಎಣಿಸೇನಿ. ನಿಮ್ಮ ಬಾಜೂ ಮನಿ ಹುಡುಗ ಯಲ್ಲಾರಿಂದು ಮೂರ ಸಲ ಎಣಿಸೇನಿ. ಅಂವಾ ನಿನ್ನಿ ನಿಮ್ಮ ಪ್ಯಾರಲ ಗಿಡಾ ಏರಿ ಕಾಯಿ ಕದ್ದ, ನೀವಽ ಕಲ್ಲ ಒಗದ ಓಡಸೀರಿ. ಎಲ್ಲಿ ಕರಗೇತ್ರಿ ಅವನ ಆಯುಷ್ಯ?"

ಶೋಭಾ ತಲೆ ಎತ್ತಿ "ಎಷ್ಟ ಬಂತ್ರಿ, ಅಕ್ಕಾ?" ಎಂದು ಕೇಳಿದಳು.

"ಅರವತ್ನಾಕ. ಐವತ್ತರ ಒಳಗ ಇರಬೇಕಿತ್ತು."

ಕಾಶೆವ್ವ ಒಂದು ಗಳಿಗೆ ಸೊಸೆಯನ್ನೂ ಕೂಸನ್ನೂ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಕೂಸಿನ ಮುಂದೆ ಕುಕ್ಕರಿಸಿದಳು. "ಇನ್ನೊಮ್ಮೆ ಎಣಸು. ನನ್ನ ಮುಂದ, ಬಾಯಿ ಬಿಟ್ಟು. ನಾನೂ ನೋಡ್ತೇನಿ."

ಸುರಯ್ಯಾ ಗಟ್ಟಿಯಾಗಿ ಶುರುಮಾಡಿದಳು. ಹತ್ತು ಎನ್ನುವಷ್ಟರಲ್ಲಿ ಕಾಶೆವ್ವಳ ದನಿಯೂ ಕೂಡಿಕೊಂಡಿತು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಆದರೆ ಡೇರಿಗೆ ಹಾಲು ಹಾಕುವವಳು, ಲೆಕ್ಕದಲ್ಲಿ ಯಾರಿಗೂ ಕಡಿಮೆಯಿಲ್ಲ. ಮೂವತ್ತು, ನಲವತ್ತು. ನಿಮಿಷ ಇನ್ನೂ ಮುಗಿದಿರಲಿಲ್ಲ. ಐವತ್ತು ಎನ್ನುವಾಗ ಮುದುಕಿಯ ದನಿ ನಡುಗಿತು. ಐವತ್ಮೂರಕ್ಕೆ ನಿಂತೇಹೋಯಿತು. "ಸಾಕ ಮಾಡು! ನಿನ್ನ ಗಂಡನ ಟಂಟಂ ಎಲ್ಲೈತಿ? ಶೋಭಾ, ಏಳ. ಅಮಾಸಿ ಏನಂದ್ರೂ ನನಗ ಅನ್ನಲಿ."

ಮೈನೋದ್ದೀನ ಬೀಗರನ್ನು ಹೊಲಕ್ಕೆ ಬಿಟ್ಟು ಆಗಷ್ಟೇ ಬಂದಿದ್ದ. ಹಾದಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆಯುತ್ತಾ ರಸ್ತೆಯನ್ನೆಲ್ಲ ತಮ್ಮದೇ ಮಾಡಿಕೊಂಡಿದ್ದವು. ಅವನು ಹಾರ್ನ್ ಮೇಲಿನ ಕೈ ತೆಗೆಯಲಿಲ್ಲ, ಕಾಶೆವ್ವ ತಲೆ ಹೊರಗೆ ಹಾಕಿ ಬೈಯುವುದನ್ನು ಬಿಡಲಿಲ್ಲ. ಹಾರ್ನಿಗಿಂತ ಕಾಶೆವ್ವಳಿಗೇ ಜಾಸ್ತಿ ಜನ ಹಾದಿ ಬಿಟ್ಟರು ಎಂದು ಮೈನೋದ್ದೀನ ಈಗಲೂ ಹೇಳುತ್ತಾನೆ.

ಗೋಕಾಕದಲ್ಲಿ ಮಕ್ಕಳ ಡಾಕ್ಟರ್ ಸ್ವಪ್ನಿಲ್, ಇನ್ನೂ ಮೀಸೆ ಸರಿಯಾಗಿ ಬಲಿಯದ ಹುಡುಗನಂಥವನು, ಕೂಸಿನ ಬೆರಳಿಗೆ ಕ್ಲಿಪ್ ಹಾಕಿದ. ಆಕ್ಸಿಜನ್ ಎಂಬತ್ತೆಂಟಕ್ಕೆ ಇಳಿದಿತ್ತು. ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದ, ಪಕ್ಕೆ ನೋಡಿದ. "ಉಸಿರು ಎಣಿಸಿದ್ರಾ? ಎಷ್ಟಿತ್ತು?" ಎಂದು ಸುರಯ್ಯಾಳ ಕಡೆ ತಿರುಗಿದ.

"ಅರವತ್ನಾಕ್ರಿ ಸಾಹೇಬ್ರ" ಎಂದು ಕಾಶೆವ್ವ ಮುಂದೆ ಬಂದಳು. "ನಾನಽ ಎಣಿಸೇನಿ."

ಮೂಗಿಗೆ ಸಣ್ಣ ನಳಿಕೆಯಲ್ಲಿ ಆಕ್ಸಿಜನ್, ಕೈಗೆ ಇಂಜೆಕ್ಷನ್. ಬಲವಾದ ನ್ಯುಮೋನಿಯಾ ಎಂದ ಡಾಕ್ಟರ್, ನಾಳೆ ಬಂದಿದ್ದರೆ ನನ್ನ ಕೈಯಲ್ಲಿ ಏನಿರುತ್ತಿತ್ತೋ ಹೇಳಲಾರೆ ಎಂದೂ ಸೇರಿಸಿದ. ಕಾಶೆವ್ವ ಗೋಡೆಗೆ ಒರಗಿ ಕೂತುಬಿಟ್ಟಳು. ಎರಡು ದಿನ ಸುರಯ್ಯಾಳ ಜೊತೆ ಮಾತಾಡಲಿಲ್ಲ, ಆದರೆ ಮನೆಗೆ ಹೋಗು ಎಂದೂ ಅನ್ನಲಿಲ್ಲ. ಮೂರನೆಯ ದಿನ ಸಾಗರ ನಳಿಕೆಯನ್ನು ಕಿತ್ತು ಹಿಡಿದುಕೊಂಡು ನಕ್ಕ. ಆರನೆಯ ದಿನ, ಔಷಧದ ಬಾಟಲಿ ಪೂರಾ ಮುಗಿಸಬೇಕು, ನಡುವೆ ಗುಣವಾಯಿತೆಂದು ಬಿಡಬಾರದು ಎಂದು ಹೇಳಿಸಿಕೊಂಡು ಎಲ್ಲರೂ ಊರಿಗೆ ಬಂದರು.

ಬಂದ ಮೇಲೆ ಸುರಯ್ಯಾ ಮನೆ ಬಿಟ್ಟು ಹೊರಡಲಿಲ್ಲ. ಉಸಿರು ಎಣಿಸಿದ ಸುದ್ದಿ ಅವಳಿಗಿಂತ ಮೊದಲೇ ಊರು ಸೇರಿತ್ತು. ಗುರುವಾರ ಅಂಗನವಾಡಿಯಲ್ಲಿ ಲಸಿಕೆ. ಹೋಗಲೇಬೇಕು. ಯಾರೂ ಬರುವುದಿಲ್ಲ ಎಂದುಕೊಂಡೇ ಹೋದಳು.

ಅಂಗಳ ತುಂಬಿತ್ತು. ನಡುವೆ ಚಾಪೆಯ ಮೇಲೆ ಕಾಶೆವ್ವ ಸಾಗರನನ್ನು ಮಲಗಿಸಿ, ಅಂಗಿ ಎತ್ತಿ, ತಾಯಂದಿರನ್ನು ಸುತ್ತ ಕೂರಿಸಿಕೊಂಡು ದರ್ಬಾರು ನಡೆಸಿದ್ದಳು. "ಹೊಟ್ಟಿ ಏರಿ ಇಳದ್ರ ಒಂದು. ಏರಿದ್ದಕ್ಕ ಒಂದು, ಇಳದದ್ದಕ್ಕೊಂದು ಅಂತ ಎಣಸ್ಬ್ಯಾಡ್ರಿ, ನಾ ಮೊದ್ಲ ಹಂಗ ಎಣಿಸಿ ಗಾಬರಿ ಆಗಿ ಮನಿ ಮಂದೀನೆಲ್ಲಾ ಎಬಿಸಿದ್ದೆ" ಎಂದು ಗದರುತ್ತಿದ್ದಳು. ಸುರಯ್ಯಾಳನ್ನು ಕಂಡು ಕೈ ಮಾಡಿ ಕರೆದಳು.

"ಅಲ್ಲೇ ಯಾಕ ನಿಂತಿ? ನಮಗ ಯಾರಿಗೂ ಗಡಿಯಾರ ನೋಡಾಕ ಬರೂದಿಲ್ಲ. ನಿಮಿಷ ನೀ ನೋಡು" ಎಂದಳು. "ಹನ್ನೊಂದ ವರ್ಷ ಒಬ್ಬಾಕೆ ಎಣಿಸೀದಿ. ಇನ್ನ ನಾವೂ ಅದೇವಿ."

ಸುರಯ್ಯಾ ಮೊಬೈಲ್ ತೆಗೆದು "ಹ್ಞೂಂ" ಎಂದಳು. ಹದಿನೈದು ಹೆಂಗಸರು ಒಂದೇ ದನಿಯಲ್ಲಿ ಎಣಿಸತೊಡಗಿದರು. ಸಾಗರ ಕಾಲು ಬಡಿಯುತ್ತಾ ಎಲ್ಲರ ಮುಖ ನೋಡುತ್ತಿದ್ದ. ನಿಮಿಷ ಮುಗಿದಾಗ ಅಂಗಳವೆಲ್ಲ "ಮೂವತ್ತಾರು!" ಎಂದು ಕೂಗಿತು. ಸುರಯ್ಯಾ ಮಾತ್ರ ಎಣಿಸಿರಲಿಲ್ಲ. ಕಣ್ಣು ತುಂಬಿ ಬಂದು ಅವಳಿಗೆ ಕೂಸಿನ ಹೊಟ್ಟೆಯೇ ಕಾಣಲಿಲ್ಲ.