ಕ್ಯಾಸೆಟ್ಟಿನಲ್ಲಿದ್ದ ಬಿಕ್ಕು

ಮಾರ್ಚ್ ತಿಂಗಳ ಒಂದು ಗುರುವಾರ ಬೆಳಿಗ್ಗೆ ಏಳೂವರೆಗೆ ನಿಪ್ಪಾಣಿ ಬಿಟ್ಟೆ. ಕಂಡಕ್ಟರ್ ಆಧಾರ್ ಕಾರ್ಡು ನೋಡಿ ಸೊನ್ನೆ ರೂಪಾಯಿಯ ಟಿಕೇಟು ಹರಿದುಕೊಟ್ಟ. ಚೀಲದಲ್ಲಿ ಒಂದು ಕ್ಯಾಸೆಟ್ಟು, ನೀರಿನ ಬಾಟಲಿ, ನೋಟ್‌ಬುಕ್ಕು, ಒಂದು ಶಾಲು. ಶಾಲು ಸುಶೀಲಾಬಾಯಿಯವರಿಗೆ. ಅವರು ಬದುಕಿದ್ದಾರೆಂದು ನನಗೆ ತಿಳಿದದ್ದೇ ಹಿಂದಿನ ವಾರ.

ಕ್ಯಾಸೆಟ್ಟು ಸಿಕ್ಕಿದ್ದು ನಿಪ್ಪಾಣಿಯ ಗುಜರಿ ಅಂಗಡಿಯಲ್ಲಿ. ಮೇಲೆ ಬಾಲ್‌ಪೆನ್ನಿನಲ್ಲಿ ‘ರಾಯಬಾಗ ಆರ್ಕೆಸ್ಟ್ರಾ, ಹಾಡು ಸುಶೀಲಾ, ಪೇಟಿ ನೇಮಣ್ಣ’ ಎಂದಿತ್ತು. ಪೇಟಿ ಎಂದರೆ ನಮ್ಮ ಕಡೆ ಹಾರ್ಮೋನಿಯಂ. ನಾನು ಹುಟ್ಟುವುದಕ್ಕೆ ಹತ್ತು ವರ್ಷ ಮೊದಲಿನದಿರಬೇಕು. ಅದರಲ್ಲೊಂದು ಹಾಡು: ಕೃಷ್ಣೆಯ ದಂಡೆಯಲ್ಲಿ ಕೂತ ಹುಡುಗಿ ದೋಣಿಯವನಿಗೆ, ನಿನಗೆ ಬೇಕಾದಾಗ ಬಾ, ನನಗೇನೂ ಅವಸರವಿಲ್ಲ, ಕೂತಿರುತ್ತೇನೆ ಎನ್ನುತ್ತಾಳೆ. ಎರಡನೆಯ ನುಡಿಯಲ್ಲಿ ದನಿ ಒಮ್ಮೆ ಬಿಕ್ಕುತ್ತದೆ. ಆ ಬಿಕ್ಕಿಗಾಗಿಯೇ ನಾವು ಐದಾರು ಗೆಳೆಯರು ಚಿಕ್ಕೋಡಿಯಲ್ಲಿ ಭಾನುವಾರ ಸಂಜೆ ಸೇರತೊಡಗಿದೆವು. ನಮ್ಮಲ್ಲಿ ಒಬ್ಬರೂ ನೋಡದ ಆರ್ಕೆಸ್ಟ್ರಾಗಳ ಬಗ್ಗೆ, ನೋಡಿದವರಿಗಿಂತ ಹೆಚ್ಚು ಮಾತಾಡಿದೆವು. ಆ ಹಾಡನ್ನು ನಾನು ಕಲಿತೆ. ಬಿಕ್ಕು ಸರಿಯಾಗಿ ಬರಲು ಆರು ತಿಂಗಳು ಹಿಡಿಯಿತು. ಬರುವ ಭಾನುವಾರ ಸುಶೀಲಾಬಾಯಿಯವರನ್ನೇ ಮುಂದೆ ಕೂರಿಸಿಕೊಂಡು ಅದನ್ನು ಹಾಡಬೇಕು. ಅವರನ್ನು ಒಪ್ಪಿಸಲೆಂದೇ ಹೊರಟಿದ್ದೆ.

ಚಿಕ್ಕೋಡಿಯಲ್ಲಿ ಅಜಿತ ಹತ್ತಿದ. ಮೋಟಾರು ರಿವೈಂಡಿಂಗ್ ಅಂಗಡಿಯವನು. ನಮ್ಮ ಹಳೆಯ ಟೇಪ್ ರೆಕಾರ್ಡರಿಗೆ ಸೈಕಲ್ ಟ್ಯೂಬು ಕತ್ತರಿಸಿ ಬೆಲ್ಟು ಮಾಡಿ ಹಾಕಿ, ಕ್ಯಾಸೆಟ್ಟನ್ನು ಫೋನಿಗೆ ಇಳಿಸಿದವನು ಅವನೇ.

‘ಶಾಲು ತಗೊಂಡಿ ಹೌದಿಲ್ಲ ಬೇ? ನಿನ್ನ ನೆನಪಂದ್ರ ಸೋರೋ ಟಾಕಿ,’ ಅಂದ.

ರಾಯಬಾಗದಲ್ಲಿ ಇಳಿದು ಆರ್ಕೆಸ್ಟ್ರಾ ನಡೆದ ಬಯಲನ್ನು ಹುಡುಕಿದೆವು. ಕಬ್ಬಿನ ಟ್ರಾಕ್ಟರುಗಳು ಸಾಲಾಗಿ ನಿಂತಿದ್ದವು. ಪಕ್ಕದ ಚಹಾದಂಗಡಿಯ ಹಿರಿಯರು ಕೇಳುವ ಮೊದಲೇ ಶುರುಮಾಡಿದರು: ‘ಇಲ್ಲೇ ಆಗಿತ್ರಿ. ನಾನ ಮುಂದ ಕುಂತಿದ್ದೆ. ಏನ್ ಮಳಿ ಅಂತೀರಿ! ಮಂದಿ ಛತ್ರಿ ಹಿಡಕೊಂಡ ಕೇಳ್ಯಾರ.’

ಕ್ಯಾಸೆಟ್ಟಿನಲ್ಲಿ ಮಳೆಯ ಸದ್ದೇ ಇಲ್ಲವಲ್ಲ ಎಂದ ಅಜಿತ.

‘ಹಂಗಾರ ಅದು ಕುಡಚಿ ಪ್ರೋಗ್ರಾಮ್ ಇರಬೇಕ್ರಿ. ಅಲ್ಲೂ ನಾನ ಮುಂದ ಕುಂತಿದ್ದೆ.’

ರಸ್ತೆಗೆ ಬಂದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಷ್ಟು ನಗಬಾರದಿತ್ತು.

ಅಥಣಿ ತಲುಪಿದಾಗ ಹನ್ನೆರಡೂವರೆ. ಬಿಸಿಲು ನೆತ್ತಿ ಸುಡುತ್ತಿತ್ತು. ಖಾನಾವಳಿಯಲ್ಲಿ ರೊಟ್ಟಿ, ಝುಣಕ, ಮೊಸರು ತಿಂದು, ಚಪ್ಪಲಿ ಹೊಲಿಯುವವರ ಓಣಿ ದಾಟಿ ನೇಮಣ್ಣ ಮಾಸ್ತರರ ಮನೆಗೆ ಹೋದೆವು. ಪೇಟಿ ಈಗಲೂ ಅವರ ಮಂಚದ ಪಕ್ಕದಲ್ಲೇ ಇತ್ತು. ಸುಶೀಲಾಬಾಯಿಯವರ ವಿಳಾಸ ಇದ್ದದ್ದು ಅವರಲ್ಲಿ. ಅಜಿತ ಫೋನಿನಲ್ಲಿ ಹಾಡು ಹಚ್ಚಿದ. ಮಾಸ್ತರರು ಕಣ್ಣು ಮುಚ್ಚಿದರು. ಅವರು ಕರಗಿದರೆಂದು ನಾನು ತಿಳಿದೆ.

‘ಇದ ಯಾರ ಹಾಡ್ಯಾರ?’

‘ಸುಶೀಲಾಬಾಯಿ, ಮಾಸ್ತರ. ಪೇಟಿ ನಿಮ್ಮದ,’ ಅಂದೆ.

‘ಏ, ಅಲ್ಲ.’ ಪೇಟಿಯ ಒಂದು ಕರಿ ಮನೆ, ಎಂದರೆ ಕಪ್ಪು ಕೀಲಿ, ಒತ್ತಿದರು. ‘ಸುಶೀಲಾ ಹಾಡತಿದ್ದದ್ದು ಇಲ್ಲೆ, ಕರಿ ನಾಕರಾಗ. ನಿಮ್ಮದು ಕರಿ ಮೂರಕ್ಕ ಇಳದೈತಿ. ಎಮ್ಮಿ ನೀರಾಗ ಕುಂತಂಗ ಐತಿ.’

ಅಜಿತ ತಲೆ ಕೆರೆದುಕೊಂಡು, ಸೈಕಲ್ ಟ್ಯೂಬಿನ ಬೆಲ್ಟಿಗೆ ಟೇಪು ನಿಧಾನವಾಗಿ ಓಡಿರಬೇಕು ಎಂದ. ಮಾಸ್ತರರು ಕೆಮ್ಮು ಬರುವಷ್ಟು ನಕ್ಕರು. ‘ಪಂಚರ್ ಆಗೇತಲ್ಲೋ ತಮ್ಮಾ ಹಾಡು!’

ಅವರು ಆ ಮನೆ ಒತ್ತಿ ಹಿಡಿದರು. ಅಜಿತ ಫೋನಿನಲ್ಲಿ ವೇಗವನ್ನು ಸ್ವಲ್ಪ ಸ್ವಲ್ಪವೇ ಏರಿಸಿದ. ದನಿಯೂ ಪೇಟಿಯೂ ಕೂಡಿದಾಗ ಹಾಡು ಓಡತೊಡಗಿತು. ಹುಡುಗಿ ಕಾಯುತ್ತಿರಲಿಲ್ಲ, ದೋಣಿಯವನನ್ನು ಕಾಡಿಸುತ್ತಿದ್ದಳು. ಎರಡನೆಯ ನುಡಿಯಲ್ಲಿ ಬಿಕ್ಕು ಬರಬೇಕಾದ ಜಾಗದಲ್ಲಿ ಆಕೆ ಫಕ್ಕನೆ ನಕ್ಕಳು. ಮತ್ತೆ ಹಚ್ಚು ಎಂದೆ. ಮತ್ತೆ ನಕ್ಕಳು.

‘ಮಾಸ್ತರರ ಕಿವಿ ಮಂದವಾಗಿರಬಹುದು’ ಎಂದು ಅಥಣಿ ಬಸ್‌ಸ್ಟ್ಯಾಂಡಿನಲ್ಲಿ ನೋಟ್‌ಬುಕ್ಕಿಗೆ ಬರೆದಿದ್ದೇನೆ. ಈಗ ಓದಿದರೆ ನಾಚಿಕೆಯಾಗುತ್ತದೆ.

ಮಾಸ್ತರರು ಕೊಟ್ಟ ವಿಳಾಸ ಕಾಗವಾಡದ್ದು. ಅಲ್ಲಿಗೆ ಒಂದು ತಾಸಿಗಿಂತ ಹೆಚ್ಚು ಹಿಡಿಯಿತು. ಊರು ಹತ್ತಿರವಾದಂತೆ ದ್ರಾಕ್ಷಿ ತೋಟಗಳು, ಒಣಹಾಕುವ ಶೆಡ್ಡುಗಳು. ಸುಶೀಲಾಬಾಯಿ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಒಣದ್ರಾಕ್ಷಿಯ ತೊಟ್ಟು ಬಿಡಿಸುತ್ತಿದ್ದರು. ದಪ್ಪ ಕನ್ನಡಕ, ಚುರುಕು ಕೈ.

‘ಬರ್ರಿ, ಬರ್ರಿ. ಮೊದಲ ಬಾಯಾಗ ಹಾಕೋರಿ, ಆಮ್ಯಾಲ ಮಾತು,’ ಎಂದು ಇಬ್ಬರಿಗೂ ಒಂದೊಂದು ಮುಷ್ಟಿ ಕೊಟ್ಟರು.

ಅಜಿತ ಸರಿಪಡಿಸಿದ ಹಾಡನ್ನು ಹಚ್ಚಲು ಹೋದ. ನಾನು ಅವನ ಕೈಯಿಂದ ಫೋನು ಕಸಿದು ಹಳೆಯದನ್ನೇ ಹಚ್ಚಿದೆ. ಅವರು ಅದನ್ನು ತಮ್ಮದೆಂದು ಒಪ್ಪಿಬಿಟ್ಟರೆ ಮಾಸ್ತರರ ಮಾತು ಸುಳ್ಳಾಗುತ್ತದೆ ಎಂಬ ಆಸೆ. ಅವರು ತೊಟ್ಟು ಬಿಡಿಸುವುದನ್ನು ನಿಲ್ಲಿಸಿ ಕೊನೆಯವರೆಗೂ ಕೇಳಿದರು.

‘ಛಲೋ ಹಾಡ್ಯಾಳ. ಯಾರ ಮಗಳು?’

‘ನೀವ, ಮೌಶಿ,’ ಅಂದೆ.

ನಾನು ಚೇಷ್ಟೆ ಮಾಡುತ್ತಿದ್ದೇನೆಯೇ ಎಂದು ಕನ್ನಡಕದ ಮೇಲಿಂದ ನೋಡಿದರು. ಅಜಿತ ಫೋನು ತೆಗೆದುಕೊಂಡು ಸರಿಪಡಿಸಿದ್ದನ್ನು ಹಚ್ಚಿದ. ಮೊದಲ ಸಾಲು ಮುಗಿಯುವುದರೊಳಗೆ ಅವರು ತೊಡೆ ತಟ್ಟಿದರು.

‘ಅಯ್ಯ, ಇದು ನಾನ! ತಡಿ, ತಡಿ, ಈಗ ಢೋಲಕಿಯಾಂವನ ಟೊಪ್ಪಿಗಿ ಹಾರತೈತಿ ನೋಡ!’ ಅಲ್ಲಿಗೆ ಸರಿಯಾಗಿ ಆ ನಗು ಬಂತು. ‘ಪಂಖಾದ ಗಾಳಿಗೆ ಹಾರಿ ನೇಮಣ್ಣನ ಪೇಟಿ ಮ್ಯಾಲ ಬಿತ್ತವಾ. ನಗು ತಡಕೊಳ್ಳಾಕ ಆಗಲಿಲ್ಲ.’

ಟೊಪ್ಪಿಗೆ ಕ್ಯಾಸೆಟ್ಟಿನಲ್ಲಿಲ್ಲ. ನಗು ಇದೆ.

ಭಾನುವಾರದ ಕಾರ್ಯಕ್ರಮದ ಬಗ್ಗೆ ಹೇಳಿದೆ, ಕಾರು ತರುತ್ತೇವೆ ಎಂದೆ. ‘ನೀನು ಹಾಡಾಕಿ? ಒಂದ ನುಡಿ ಹಾಡ, ನೋಡೂನು,’ ಅಂದರು. ಅವರ ಹಾಗೆ ಎತ್ತರದಲ್ಲಿ, ಚುರುಕಾಗಿ ಹಾಡಬೇಕೆಂದೇ ಶುರುಮಾಡಿದೆ. ಗಂಟಲು ಒಪ್ಪಲಿಲ್ಲ. ಎರಡು ಸಾಲಿಗೆ ದನಿ ರೂಢಿಯ ಜಾಗಕ್ಕೆ ಜಾರಿತು. ಎರಡನೆಯ ನುಡಿಯಲ್ಲಿ ಬಿಕ್ಕು ತಾನಾಗಿಯೇ ಬಂತು.

ಸುಶೀಲಾಬಾಯಿ ನಗಲಿಲ್ಲ. ‘ಭಾಳ ಛಂದ ಹಾಡ್ತಿ, ಮಗಳ. ಆದ್ರ ಅಕಿಗೆ ಏನ ದುಃಖ ಆಗೇತಿ ಅಂತ ನನಗ ತಿಳೀವಲ್ದು.’

ಶಾಲು ತೆಗೆದೆ. ಅವರು ಅದನ್ನು ಬಿಚ್ಚಿ, ಅಂಚು ಸವರಿ, ಮತ್ತೆ ಅದೇ ಮಡಿಕೆಯಲ್ಲಿ ಮಡಚಿ ನನ್ನ ತೊಡೆಯ ಮೇಲಿಟ್ಟರು.

‘ನಿಮಗ ಬೇಕಾದಾಕಿ ನಾ ಅಲ್ಲವಾ. ಮೊದಲ ಹಚ್ಚಿದಿ ನೋಡ, ಅಕೀನ ಕರಕೊಂಡ ಹೋಗ್ರಿ. ಶಾಲು ಅಕಿಗೆ ಒಪ್ಪತೈತಿ.’ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಬೇಡಿಕೊಳ್ಳಬಹುದಿತ್ತು. ಆಮೇಲೆ ಅಜಿತನಿಗೆ, ‘ತಮ್ಮಾ, ಆ ನಗೂದ ಒಂದ ನನ್ನ ಸೊಸಿ ಫೋನಿಗೆ ಹಾಕಿ ಹೋಗ,’ ಅಂದರು.

ಓಣಿಯ ತಿರುವಿನಲ್ಲಿ ಹಿಂದಿರುಗಿ ನೋಡಿದೆ. ಅವರು ಮೊರದ ಮೇಲೆ ಬಗ್ಗಿದ್ದರು. ಕಟ್ಟೆಯ ಮೇಲಿಟ್ಟ ಫೋನಿನಿಂದ ಆ ಹಾಡು ಬರುತ್ತಿತ್ತು.

ಉಗಾರ, ಕುಡಚಿ ಮೇಲೆ ಹೋಗುವ ಬಸ್ಸು ಸಿಕ್ಕಿತು. ‘ಐತವಾರ ಯಾವುದ ಹಾಡ್ತಿ?’ ಅಂದ ಅಜಿತ. ಬಸ್ಸು ಕೃಷ್ಣೆಯ ಸೇತುವೆ ಹತ್ತಿದಾಗ ಇಯರ್‌ಫೋನ್ ಹಾಕಿಕೊಂಡು ಹಳೆಯದನ್ನೇ ಹಚ್ಚಿದೆ, ಸೈಕಲ್ ಟ್ಯೂಬಿನದು. ಕೆಳಗೆ ನೀರು ಕಡಿಮೆಯಿತ್ತು, ದೋಣಿ ಒಂದೂ ಇರಲಿಲ್ಲ. ಎರಡನೆಯ ನುಡಿ ಬಂತು. ಅಲ್ಲಿ ಒಬ್ಬಳು ಹುಡುಗಿ ನಿಧಾನವಾಗಿ, ಎಳೆದೆಳೆದು ನಗುತ್ತಿದ್ದಳು. ಚಿಕ್ಕೋಡಿ ಬರುವವರೆಗೆ ಅದನ್ನೇ ಮತ್ತೆ ಮತ್ತೆ ಕೇಳಿದೆ. ಒಮ್ಮೆಯೂ ಅವಳು ಬಿಕ್ಕಲಿಲ್ಲ.