ನನ್ನ ಹೆಂಡತಿ ತಿದ್ದಿದ ಮಾಂಡಲಿಕ

ಕಳೆದ ಬುಧವಾರ ಮಧ್ಯಾಹ್ನ ಮೂರು ಗಂಟೆಗೆ, ಆರ್.ಟಿ. ನಗರದ ನಮ್ಮ ಮನೆಯ ಜಗಲಿಯಲ್ಲಿ, ನನ್ನ ಹೆಂಡತಿ ಶಾಂತಾ ಪತ್ರಿಕೆಯಲ್ಲಿ ವಾರವಾರ ಬರುವ ಒಂದು ಧಾರಾವಾಹಿಯ ಕಥೆಯನ್ನೇ ಬದಲಾಯಿಸಿ ಓದಿದಳು. ನಾನು ಒಳಗೆ ಮಲಗಿದ್ದೆ. (ರಾತ್ರಿ ಪಾಳಿಯವರ ನಿದ್ದೆ ಮಧ್ಯಾಹ್ನಕ್ಕೇ.) ಕೇಳಿ ಎದ್ದು ಕೂತೆ.

ಆ ಧಾರಾವಾಹಿಯನ್ನು ನಿಮ್ಮಲ್ಲೂ ಅನೇಕರು ಓದುತ್ತಿದ್ದೀರಿ. ಏಳು ಬೆಟ್ಟಗಳ ರಾಜ್ಯ, ಮಾತನಾಡುವ ಕತ್ತಿ, ತೀರಿಕೊಂಡ ಮಹಾರಾಜ, ಪಟ್ಟಕ್ಕೆ ಬಂದ ಎಳೆಯ ಮಗ. ಅವನನ್ನು ಕೈಹಿಡಿದು ಸಿಂಹಾಸನಕ್ಕೆ ಏರಿಸಿದವನು ಮಾಂಡಲಿಕ ರಣಧವಳ. ಈ ಕಂತಿನಲ್ಲಿ ಅದೇ ರಣಧವಳ ಕೋಟೆಯ ಬಾಗಿಲು ತೆಗೆದು ಶತ್ರುವನ್ನು ಒಳಗೆ ಬಿಡುತ್ತಾನೆ, ಎಳೆಯ ರಾಜ ಸೆರೆಯಾಗುತ್ತಾನೆ. ಬೆಳಿಗ್ಗೆ ಬಸ್ಸಿನಲ್ಲೇ ಓದಿದ್ದೆ.

ಶಾಂತಾ ಓದಿದ್ದು ಹೀಗೆ: 'ರಣಧವಳ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಕೀಲಿಕೈಯನ್ನು ಬಾವಿಗೆ ಎಸೆದ.'

ಪತ್ರಿಕೆಯಲ್ಲಿ ಬಾವಿಯೇ ಇಲ್ಲ.

ಕೇಳುತ್ತಿದ್ದವರು ಪಕ್ಕದ ಮನೆಯ ನೂರ್‌ಜಹಾನ್ ಆಪಾ. ಮನೆಮಾತು ಉರ್ದು. ಕನ್ನಡ ಚೆನ್ನಾಗಿ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಬುಧವಾರ ಶಾಂತಾ ಓದುವುದು, ಆಪಾ ಷರಟುಗಳಿಗೆ ಗುಂಡಿ ಹಾಕುತ್ತಾ ಕೇಳುವುದು ಎರಡೂ ಮನೆಗಳ ರೂಢಿ.

ಆಪಾ ಹೋದ ಮೇಲೆ ಕೇಳಿದೆ. "ಇದೇನೇ ಇದು? ಅಚ್ಚಾಗಿರೋದೇ ಬೇರೆ, ನೀನು ಓದಿದ್ದೇ ಬೇರೆ."

"ಅದನ್ನ ಆಪಾಗೆ ಹೆಂಗ್ರೀ ಓದಿ ಹೇಳ್ಲಿ?"

ಅವಳ ಕಷ್ಟವೂ ನಿಜ. ಆಪಾ ಅವರ ಯಜಮಾನರು ಹೋದ ವರ್ಷ ತೀರಿಕೊಂಡರು. ಮೇನ್ ರೋಡಿನ ಟೈಲರ್ ಅಂಗಡಿ ಈಗ ಮಗ ಇಲಿಯಾಸನದು. ವಯಸ್ಸು ಇಪ್ಪತ್ತು. ಮಿಷನ್ ತುಳಿಯುತ್ತಾನೆ, ಗಿರಾಕಿಯ ಬಟ್ಟೆಗೆ ಕತ್ತರಿ ಹಾಕುವ ಧೈರ್ಯ ಬಂದಿಲ್ಲ. ಅಂಗಡಿ ನಡೆಯುತ್ತಿರುವುದು ಜಕ್ಕೂರಿನಿಂದ ಸೈಕಲ್ಲಿನಲ್ಲಿ ಬರುವ ಕಟಿಂಗ್ ಮಾಸ್ಟರ್ ಮುನಿಯಪ್ಪನವರಿಂದ. ಅವರನ್ನು ಹೆಬ್ಬಾಳದ ಹೊಸ ಅಂಗಡಿಯವರು ಕರೆಯುತ್ತಿದ್ದಾರೆಂದು ಬೀದಿಯೆಲ್ಲ ಮಾತು. ಅವರು ಹೋದರೆ ಅಂಗಡಿ ಮುಚ್ಚಿದಂತೆಯೇ. ಆಪಾ ಮೊದಲಿನಿಂದಲೂ ರಣಧವಳನನ್ನು 'ನಮ್ ಮಾಸ್ಟರ್' ಎಂದೇ ಕರೆಯುತ್ತಿದ್ದರು.

ಆದರೂ ನಾನು ಸುದ್ದಿ ತಿದ್ದಿ ಬದುಕುವವನು. ಒಂದು ಹೆಸರು ತಪ್ಪಿದರೂ ಮರುದಿನ ತಿದ್ದುಪಡಿ ಹಾಕುತ್ತೇವೆ. "ಮುಂದಿನ ವಾರ ಏನು ಮಾಡ್ತೀಯ? ಅಲ್ಲಿ ರಾಜ ಸೆರೆಯಲ್ಲಿದಾನೆ, ನಿನ್ನ ಕೀಲಿಕೈ ಬಾವೀಲಿದೆ."

"ಹಂಗಿದ್ರೆ ನೀವೇ ಬರ್ಕೊಡಿ," ಎಂದಳು.

ಶುಕ್ರವಾರ ಆಪಾ ತಾವೇ ಬಂದರು. ಕೂರುವ ಮೊದಲೇ ಕೇಳಿದರು: "ಶಾಂತಾ, ಆ ಬಾವಿ ನೀನೇ ತೋಡಿದ್ದಾ?"

ಗಿರಾಕಿಗಳಿಗೆಂದು ಅಂಗಡಿಯಲ್ಲಿ ಇಟ್ಟಿದ್ದ ಪತ್ರಿಕೆಯನ್ನು ಇಲಿಯಾಸ್ ಓದಿ ಹೇಳಿದ್ದನಂತೆ.

"ತಪ್ಪಾಯ್ತು ಆಪಾ. ನಿಮ್ಗೆ ಬೇಜಾರಾಗುತ್ತೆ ಅಂತ..."

"ಬೇಜಾರಾಯ್ತು. ಬಾವಿ ಇಲ್ಲ ಅಂತ ಗೊತ್ತಾದ್ಮೇಲೆ ಸುಮ್ನೆ ಕೂರಕ್ಕಾಗ್ಲಿಲ್ಲ. ಸೀದಾ ಹೋಗಿ ಮಾಸ್ಟರನ್ನೇ ಕೇಳ್ಬಿಟ್ಟೆ, ಬಿಟ್ಟು ಹೋಗ್ತೀರಾ ಅಂತ."

(ತಿಂಗಳಿಂದ ಬೀದಿಯವರೆಲ್ಲ ಅವರ ಬಗ್ಗೆ ಮಾತಾಡಿದ್ದೆವು. ಅವರನ್ನೇ ಕೇಳಿದವರು ಒಬ್ಬರೂ ಇರಲಿಲ್ಲ. ಪತ್ರಿಕೆಯವನಾದ ನಾನೂ ಸೇರಿ.)

ಮುನಿಯಪ್ಪನವರು ಬಟ್ಟೆಯ ಮೇಲೆ ಗೆರೆ ಎಳೆಯುವುದನ್ನು ನಿಲ್ಲಿಸದೆಯೇ ಹೇಳಿದರಂತೆ: "ಕರ್ದಿರೋದು ನಿಜ ಕಣಮ್ಮ. ಒಂದಿನ ಓಗೋದೂ ನಿಜ. ಆದ್ರೆ ನಮ್ ಉಡುಗನ ಕೈಗೆ ಕತ್ರಿ ಕೂರೋಗಂಟ ಎಲ್ಲಿಗ್ ಓಗ್ಲಿ?"

ಒಂದಿನ ಹೋಗುತ್ತೇನೆ ಎಂದದ್ದನ್ನೂ ಆಪಾ ಮುಚ್ಚಿಡಲಿಲ್ಲ. ಧಾರಾವಾಹಿ ಮುಂದುವರಿಯಲು ದ್ರೋಹ ಬೇಕು, ಸರಿ. ಒಂದು ಟೈಲರ್ ಅಂಗಡಿ ಮುಂದುವರಿಯಲು ಏನು ಬೇಕು?

ಏಳುವಾಗ ಆಪಾ ಶಾಂತಾಳ ಕೆನ್ನೆ ತಟ್ಟಿದರು. "ಬರೋ ಬುಧವಾರ ಮೊದ್ಲು ಪೇಪರ್‌ನೋರದ್ದು ಓದು. ಆಮೇಲೆ ನಿಂದೂ ಓದು. ಆ ಕೀಲಿಕೈ ಏನಾಯ್ತು ಗೊತ್ತಾಗ್ಬೇಕು ನಂಗೆ."

ಸೋಮವಾರ ಪ್ಯಾಂಟ್ ಬಟ್ಟೆ ಹಿಡಿದು ಅಂಗಡಿಗೆ ಹೋದೆ. "ಬೆಲ್ ಬಾಟಮ್ಮಾ ಸಾರ್?" ಎಂದರು ಮುನಿಯಪ್ಪನವರು. ಈ ವಯಸ್ಸಿಗೆ ಬೇಡ ಎಂದೆ. ಅಳತೆ ತೆಗೆದು, ಸೀಮೆಸುಣ್ಣದಲ್ಲಿ ಗೆರೆ ಹಾಕಿ, ಕತ್ತರಿಯನ್ನು ಇಲಿಯಾಸನ ಮುಂದಿಟ್ಟು ಟೀ ಕುಡಿಯಲು ಹೊರಟರು.

"ಮಾಸ್ಟರ್, ಇದು ಯಾರೋ ಗಿರಾಕಿ ಬಟ್ಟೆ ಅಲ್ಲ, ಪಕ್ಕದ ಮನೇದು," ಎಂದ ಇಲಿಯಾಸ್. "ಕೆಟ್ರೆ ದಿನಾ ಮುಖ ನೋಡ್ಬೇಕು."

"ಅದಕ್ಕೇ ಕೊಟ್ಟಿದ್ದು," ಎಂದರು, ತಿರುಗಿ ನೋಡದೆ.

ಇಲಿಯಾಸ್ ಕತ್ತರಿಸಿದ.

ನಿನ್ನೆ ಪ್ಯಾಂಟ್ ಬಂತು. ಎಡಗಾಲು ಅರ್ಧ ಇಂಚು ಗಿಡ್ಡ. ಹಾಕಿಕೊಂಡೇ ಇದನ್ನು ಬರೆಯುತ್ತಿದ್ದೇನೆ.