ಕೀಲೆಣ್ಣೆ ಕುಡಿದ ಬ್ರೇಕು

ಕೀಂss ಎಂದು ಆದೋನಿಯ ನಮ್ಮ ಮನೆ ಮುಂದೆ ಅಪ್ಪನ ಕಾರು ನಿಲ್ಲುತ್ತಿದ್ದ ಸದ್ದು ಇವತ್ತಿಗೂ ನನ್ನ ಹಲ್ಲುಗಳಲ್ಲಿದೆ. ಅಪ್ಪ ಹತ್ತಿ ವ್ಯಾಪಾರಿ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಮಾತು. ಕಾನ್ವೆಂಟಿನಿಂದ ಹಾಲಿಡೇಸ್‌ಗೆ ಬಂದವಳು ಡ್ರೈವಿಂಗ್ ಕಲಿಯುತ್ತೇನೆಂದು ಹಟ ಹಿಡಿದೆ. ಅಪ್ಪನದು ಒಂದೇ ಕಂಡಿಷನ್: ಕಾರಿಗೆ ಗೀರು ಬಿದ್ದ ದಿನ ನನ್ನ ಡ್ರೈವಿಂಗ್ ಫಿನಿಶ್.

ಕಲಿಸಿದವರು ನಮ್ಮ ಡ್ರೈವರ್ ಚಾಚಾ. ಅಣ್ಣನಿಗೂ ನನಗೂ ಓಡಿಸುವುದಕ್ಕಿಂತ ನಿಲ್ಲಿಸುವುದನ್ನೇ ಹೆಚ್ಚು ಕಲಿಸಿದರು. ಆಲೂರು ರಸ್ತೆಯಲ್ಲಿ ಇದ್ದಕ್ಕಿದ್ದಂತೆ, "ಬ್ರೇಕ್ ಹೋತು ಅನ್ಕೋ ಬೇಟಾ, ಈಗೇನ್ ಮಾಡ್ತೀ?" ಎನ್ನುವರು. ಹಾರ್ನ್ ಒತ್ತುತ್ತಲೇ ಇರಬೇಕು, ಡಬಲ್ ಕ್ಲಚ್ ಮಾಡಿ, ಅಂದರೆ ಎರಡು ಸಲ ಕ್ಲಚ್ ತುಳಿದು, ಗೇರು ಇಳಿಸಬೇಕು, ಕಡೆಗೆ ಗಾಲಿ ಹೂತು ನಿಲ್ಲುವಂಥ ಉತ್ತ ಎರೆಹೊಲ ಹುಡುಕಬೇಕು. ಮರೆತು ಬ್ರೇಕ್ ತುಳಿದರೆ ಮೊಣಕಾಲಿಗೆ ಒರೆಸುವ ಬಟ್ಟೆಯ ಏಟು. ಅಣ್ಣನಿಗೆ ಹೆಚ್ಚು ಬೀಳುತ್ತಿತ್ತು, ಫ್ರ್ಯಾಂಕ್ಲಿ.

ಒಂದು ಬೆಳಗ್ಗೆ ಅವ್ವನನ್ನು ಉರುಕುಂದದ ಈರಣ್ಣನ ಗುಡಿಗೆ ಕರೆದೊಯ್ಯುತ್ತಿದ್ದೆ. ಪಕ್ಕದಲ್ಲಿ ಚಾಚಾ. ಅಂದು ಊರೊಳಗೆ ಮೆಲ್ಲಗೆ ತುಳಿದಾಗ ಬ್ರೇಕು ಕೀರಲೇ ಇಲ್ಲ, ರಿಪೇರಿಯಾಗಿರಬೇಕು ಎಂದುಕೊಂಡೆ. ಕೋಸಗಿ ದಾಟಿ ಇಳಿಜಾರಿನಲ್ಲಿ ಎದುರಿಗೆ ರಸ್ತೆ ತುಂಬ ಕುರಿ. ಬ್ರೇಕ್ ತುಳಿದೆ. ಕಾರು ಓಡುತ್ತಲೇ ಇತ್ತು. ಹ್ಯಾಂಡ್ ಬ್ರೇಕೂ ಜಾರಿತು.

ಚಾಚಾ ಕೈ ಚಾಚಲಿಲ್ಲ. "ಹೊಲ ನೋಡು," ಎಂದರು, ಅಷ್ಟೇ.

ಗೇರು ಇಳಿಸಿದೆ. ಇಂಜಿನ್ ಅರಚಿತು. ಮತ್ತೊಂದು ಇಳಿಸಿ, ಎಡಕ್ಕೆ, ಬದುವಿಲ್ಲದ ಕಡೆ ನೋಡಿ ಎರೆಹೊಲಕ್ಕೆ ನುಗ್ಗಿಸಿದೆ. ಮಣ್ಣು ಗಾಲಿಗಳನ್ನು ಹಿಡಿದು ನಿಲ್ಲಿಸಿತು. ಒಂದು ಕುರಿಗೂ ಏನೂ ಆಗಲಿಲ್ಲ. ಕುರಿಯವನು ಸಾವಕಾಶ ಬಂದು, "ಯಾಕವ್ವ, ರಸ್ತಿ ಸಾಲಲಿಲ್ಲೇನು?" ಎಂದು ಕೇಳಿದ. ಅಷ್ಟರವರೆಗೆ ಈರಣ್ಣನನ್ನು ಕರೆಯುತ್ತಿದ್ದ ಅವ್ವ ನಕ್ಕುಬಿಟ್ಟಳು.

ಎತ್ತುಗಳು ಕಾರನ್ನು ರಸ್ತೆಗೆ ಎಳೆದುಕೊಟ್ಟ ಮೇಲೆ ಮೊದಲ ಗೇರಿನಲ್ಲೇ ತೆವಳುತ್ತ ಮನೆ ಸೇರಿದೆವು. ವಿಚಾರಿಸಿದಾಗ ನಮ್ಮ ಬಂಡಿ ಹೊಡೆಯುವವನು ಒಪ್ಪಿಕೊಂಡ. "ಗಾಡಿ ದಿನಾ ಅಳತಿತ್ರಿ. ನಾಲ್ಕೂ ಗಾಲಿಗೆ ಕೀಲೆಣ್ಣಿ ಹಾಕೀನ್ರಿ." ಬಂಡಿಯ ಅಚ್ಚಿಗೆ ಮಾಡುವ ಉಪಕಾರವನ್ನೇ ಕಾರಿಗೂ ಮಾಡಿದ್ದ, ಪಾಪ; ಎಣ್ಣೆ ಕುಡಿದ ಬ್ರೇಕು ಹಿಡಿಯುವುದನ್ನೇ ಬಿಟ್ಟಿತ್ತು.

ಅಪ್ಪ ಕಾರಿನ ಸುತ್ತ ನಡೆದರು. ಮಣ್ಣು ಒರೆಸಿ ಒರೆಸಿ ನೋಡಿದರು. ಗೀರಿರಲಿಲ್ಲ. "ಬ್ರೇಕ್ ಸರಿಯಾದ ಮ್ಯಾಲೆ ನನ್ನನ್ನ ಆಲೂರಿಗೆ ಕರಕೊಂಡು ಹೋಗು," ಎಂದರು. ಅಣ್ಣನ ಮುಖ ನೋಡಬೇಕಿತ್ತು!

ವರ್ಷಗಳ ಮೇಲೆ ಚಾಚಾ ಕೆಲಸ ಬಿಟ್ಟು ಮಗಳ ಊರಿಗೆ ಹೊರಟರು. ಸ್ಟೇಷನ್ನಿಗೆ ನಾನೇ ಬಿಟ್ಟೆ. ಮೊದಲ ಸಾರಿ ಹಿಂದಿನ ಸೀಟಿನಲ್ಲಿ ಕೂತರು. ಸ್ಟೇಷನ್ ಮುಂದೆ ನಿಲ್ಲಿಸಿ ತಿರುಗಿದರೆ, ಬಾಯಿ ತೆರೆದುಕೊಂಡು ನಿದ್ದೆ. ಇಷ್ಟು ವರ್ಷ ಯಾರ ಕಾರಿನಲ್ಲೂ ಅವರು ಕಣ್ಣು ಮುಚ್ಚಿದ್ದನ್ನು ನಾನು ಕಂಡಿರಲಿಲ್ಲ. ರೈಲು ಬರುವವರೆಗೆ ಎಬ್ಬಿಸಲಿಲ್ಲ. ಅವರನ್ನು ಕಂಡದ್ದು ಅದೇ ಕೊನೆ.